ಬಿಚ್ಚದ ಖಣ

ನಾನು ಒಂದು ಹೊಲಿಗೆ ಯಂತ್ರ. ಕಾರ್ಖಾನೆಯಲ್ಲಿ ಹುಟ್ಟಿದ ದಿನ ಯಾರೋ ನನ್ನಲ್ಲಿ ಒಂದು ಚಿಂದಿ ಓಡಿಸಿ ನೋಡಿ, ರಟ್ಟಿನ ಪೆಟ್ಟಿಗೆಗೆ ತುಂಬಿದರು. ಮುಂದೆ ಯಾರ ಕಾಲು ನನ್ನನ್ನು ತುಳಿಯುತ್ತದೋ ಎಂಬುದೇ ನನ್ನ ಕುತೂಹಲ.

ಪೆಟ್ಟಿಗೆ ಬಿಚ್ಚಿದ್ದು ನೇಕಾರರ ಊರಿನ ಒಂದು ವೇದಿಕೆಯ ಮೇಲೆ. ಆ ಊರಲ್ಲಿ ಮಗ್ಗಗಳು ಒಂದೊಂದಾಗಿ ನಿಂತುಹೋಗುತ್ತಿದ್ದವು. ಪಟ್ಟಣದ ದಾನಿಗಳು ಮರುಗಿ, ಓಣಿಯ ಪ್ರತಿ ಮನೆಗೂ ಒಂದೊಂದು ಹೊಲಿಗೆ ಯಂತ್ರ ಕೊಟ್ಟರು. ಹೆಂಗಸರ ಮಡಿಲಲ್ಲಿ ಖಣ, ಕಾಯಿ ಇಟ್ಟು ಉಡಿ ತುಂಬಿಸಿ, ಫೋಟೊ ತೆಗೆಸಿಕೊಂಡು ಹೋದರು. ನಾನು ಶಿವಗಂಗವ್ವನ ಪಾಲಿಗೆ ಬಂದೆ.

ಬಂದ ಮೇಲೆ ತಿಳಿಯಿತು: ಎಲ್ಲರ ಮನೆಯಲ್ಲೂ ಯಂತ್ರವಿತ್ತು, ಹೊಲಿಸಿಕೊಳ್ಳುವವರು ಯಾರೂ ಇರಲಿಲ್ಲ. ಮಗ್ಗ ನಿಂತು ಮನೆಯಲ್ಲೇ ಕೂತಿದ್ದ ಶಿವಗಂಗವ್ವನ ಗಂಡ ಈರಪ್ಪ, ದೀಪಾವಳಿಯೊಳಗೆ ಈ ಯಂತ್ರ ಮನೆಗೆ ಜೋಳ ತರದಿದ್ದರೆ ಮನೆಗೆ ಬೀಗ ಹಾಕಿ ಎಲ್ಲರೂ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗುವುದೇ ಸೈ ಎಂದ. ಹೋದರೆ ಮಗಳ ಶಾಲೆ ಅಲ್ಲಿಗೆ ಮುಗಿದಂತೆ.

ನನ್ನ ಎದುರಿಗೆ ಶಿವಗಂಗವ್ವನ ಟ್ರಂಕಿತ್ತು. ಅದರ ತುಂಬ ಉಡಿ ತುಂಬಿದಾಗ ಸಿಕ್ಕ ಕುಬಸದ ಖಣಗಳು, ಅಂದರೆ ರವಿಕೆಯ ಬಟ್ಟೆಯ ತುಂಡುಗಳು. ಇವನ್ನು ಯಾರೂ ಹೊಲಿಸುತ್ತಿರಲಿಲ್ಲ. ಮನೆಗೆ ಬಂದವಳ ಉಡಿಯಲ್ಲಿಟ್ಟು ಕಳಿಸುತ್ತಿದ್ದರು, ಅವಳು ಇನ್ನೊಬ್ಬಳಿಗೆ ಕೊಡುತ್ತಿದ್ದಳು. ಮಡಿಕೆ ಬಿಚ್ಚದೆಯೇ ಖಣ ಊರು ತಿರುಗುತ್ತಿತ್ತು. ನನಗೆ ಇದು ವಿಚಿತ್ರವಾಗಿ ಕಂಡಿತು.

ಒಂದು ಮಧ್ಯಾಹ್ನ ಶಿವಗಂಗವ್ವ ಒಂದು ಹಸಿರು ಖಣ ಬಿಚ್ಚಿ ಹಾಸಿ, ಕತ್ತರಿ ಹಿಡಿದಳು. ಪಕ್ಕದ ಮನೆಯ ಮುದುಕಿ ತೋಟವ್ವ ಬಾಗಿಲಲ್ಲೇ ನಿಂತಳು.

“ಉಡ್ಯಾಗಿನ ಖಣಕ್ಕ ಕತ್ತರಿ ಹಾಕ್ತಿಯೇನ?”

“ಖಣ ಇರೋದ ಕುಬಸಕ್ಕಲ್ಲೇನ್ ಆಯಿ?”

ಅಳತೆಪಟ್ಟಿ ಇಟ್ಟು ನೋಡಿದರೆ ಅದು ಕುಬಸಕ್ಕೆ ಸಾಲದು. ಇನ್ನೊಂದು ಬಿಚ್ಚಿದಳು, ಅದೂ ಸಾಲದು. ಯಾರೂ ಹೊಲಿಸುವುದಿಲ್ಲವೆಂದು ಗೊತ್ತಿದ್ದ ಅಂಗಡಿಯವರು ಉಡಿಯ ಖಣಗಳನ್ನು ಗಿಡ್ಡವಾಗಿ ಕತ್ತರಿಸಿ ಮಾರುತ್ತಿದ್ದರು. ತೋಟವ್ವ ಕುಸಿದು ಕೂತು ನಗತೊಡಗಿದಳು.

“ಈ ಹಸರ ಖಣ ನಿನಗ ಕೊಟ್ಟಾಕಿ ನಾನ. ನನಗ ನಿಮ್ಮತ್ತಿ ಕೊಟ್ಟಿದ್ಲು. ಕೂಸಿನ ಅಂಗಿಯಷ್ಟು ಅರಬಿ ಕೊಟ್ಟು ಎಲ್ಲಾರೂ ದೊಡ್ಡವರಾದ್ವಿ ನೋಡು.”

ಶಿವಗಂಗವ್ವ ನಗಲಿಲ್ಲ. ಕೂಸಿನ ಅಂಗಿ ಎಂಬ ಮಾತನ್ನು ಹಿಡಿದುಕೊಂಡಳು. ಎರಡು ಖಣ ಜೋಡಿಸಿ ಸಣ್ಣ ಹುಡುಗಿಯರ ಲಂಗ, ರವಿಕೆ, ಇಲ್ಲಿಯವರ ಮಾತಲ್ಲಿ ಪರಕಾರ, ಪೋಲಕಾ, ಹೊಲಿದಳು. ಸಂತೆಯಲ್ಲಿ ಅವು ಬೇಗ ಮಾರಿಹೋದವು. ತೋಟವ್ವ ತನ್ನ ಟ್ರಂಕನ್ನೂ ಎಳೆದು ತಂದಳು. ಆಮೇಲೆ ಓಣಿಯವರೂ ತಂದರು, ತಮ್ಮ ತಮ್ಮ ಯಂತ್ರಗಳ ಮುಂದೆ ಕೂತರು.

ದೀಪಾವಳಿ ಕಳೆದ ಮೇಲೆ ಈರಪ್ಪ ಗೋವಾಕ್ಕೆ ಹೋದ, ಒಬ್ಬನೇ. ಪರಕಾರದ ದುಡಿಮೆಯಲ್ಲಿ ಮನೆ ಪೂರ್ತಿ ನಡೆಯುತ್ತಿರಲಿಲ್ಲ. ಆದರೆ ಬಾಗಿಲಿಗೆ ಬೀಗ ಬೀಳಲಿಲ್ಲ, ಮಗಳು ಶಾಲೆ ಬಿಡಲಿಲ್ಲ. ಟ್ರಂಕುಗಳು ಬರಿದಾದಾಗ ಅವನೇ ತಿರುಗಿ ಬಂದು, ಪರಕಾರಕ್ಕೆಂದು ಖಣ ನೇಯಲು ನಿಂತ ಮಗ್ಗವನ್ನು ಮತ್ತೆ ಹೂಡಿದ. ಓಣಿಯಲ್ಲಿ ಇನ್ನೂ ಕೆಲವು ಮಗ್ಗ ಎದ್ದವು. ಎಲ್ಲವೂ ಏಳಲಿಲ್ಲ.

ಈಗ ನನ್ನ ಚಕ್ರ ಸವೆದಿದೆ. ಮಗಳು ಹೊಸ ಯಂತ್ರ ತಂದು ನನ್ನನ್ನು ಮೂಲೆಗೆ ಸರಿಸಿದ್ದಾಳೆ. ಸುಳ್ಳೇಕೆ ಹೇಳಲಿ, ಆ ದಾನಿಗಳು ಕೆಟ್ಟವರಲ್ಲ. ಕೊಡುವ ಮೊದಲು ಎರಡು ದಿನ ಈ ಓಣಿಯಲ್ಲಿ ಕೂತಿದ್ದರೆ ಅವರು ಏನು ಕೊಡುತ್ತಿದ್ದರು? ನನಗಂತೂ ಇನ್ನೂ ಬಗೆಹರಿದಿಲ್ಲ. ಇಲ್ಲಿಯವರು ಈಗಲೂ ಉಡಿ ತುಂಬುತ್ತಾರೆ. ಆದರೆ ಖಣ ಕೊಳ್ಳುವಾಗ ಅಂಗಡಿಯಲ್ಲೇ ಮಡಿಕೆ ಬಿಚ್ಚಿಸಿ ಅಳೆಸುತ್ತಾರಂತೆ. ಅಂಗಡಿಯವರು ಗೊಣಗುತ್ತಲೇ ಅಳೆಯುತ್ತಾರಂತೆ.