ಹೆಬ್ಬೆರಳಿಗೆ ಕಟ್ಟಿದ ದಾರ

ಈರವ್ವನಿಗೆ ಸಿಟ್ಟು ಬಂದರೆ ದುರ್ಗದಬೈಲಿನ ಆ ಓಣಿಯಲ್ಲಿ ಬೆಕ್ಕು ಕೂಡ ಅಡ್ಡ ಹಾಯುತ್ತಿರಲಿಲ್ಲ. ಅವತ್ತು ಸಿಟ್ಟು ಬಂದದ್ದು ಒಂದು ತಂಬಿಗೆ ನೀರಿಗೆ.

ದಾರ ಹೊಸೆಯುವ ಪಟವೇಗಾರರ ಲಾಲಬಿ ಈರವ್ವನ ಮನೆಯ ಕಟ್ಟೆಯ ಮೇಲೆ ಕೂತು ಅವಳ ಸೊಸೆ ರತ್ನವ್ವನ ಬಂಗಾರದ ಗುಂಡು ಪೋಣಿಸುತ್ತಿದ್ದಳು. ರಣರಣ ಬಿಸಿಲು. ನೀರು ಕೇಳಿದಳು. ಇಂಥವರಿಗೆಂದೇ ಹೊರಗಿನ ಗೂಡಿನಲ್ಲಿ ಒಂದು ತಗಡಿನ ಡಬ್ಬಿ ಇತ್ತು; ಕುಡಿದವರೇ ತೊಳೆದು ಬೋರಲು ಹಾಕಿ ಹೋಗಬೇಕು. ಹೆಬ್ಬಳ್ಳಿಯಿಂದ ಬಂದ ಹೊಸ ಸೊಸೆಗೆ ಅದು ಗೊತ್ತಿರಲಿಲ್ಲ. ಮನೆಯ ಹಿತ್ತಾಳೆ ತಂಬಿಗೆಯಲ್ಲೇ ಕೊಟ್ಟಳು. ಲಾಲಬಿ ಕಚ್ಚಿ ಕುಡಿದಳು.

“ಸಾಬರ ಬಾಯಿ ಹತ್ತಿದ ತಂಬಗಿ ನನ್ನ ಮನ್ಯಾಗ ಬ್ಯಾಡ! ನೀನ ತಗೊಂಡು ಹೋಗು!” ಈರವ್ವ ತಂಬಿಗೆಯನ್ನು ಕಸಿದು ಬೀದಿಗೆ ಎಸೆದಳು. ಕಲ್ಲಿಗೆ ಬಡಿದು ಅದರ ಮಗ್ಗುಲು ನೆಗ್ಗಿತು.

ಅಲ್ಲೇ ಇದ್ದ ಮಗ ನೀಲಕಂಠಪ್ಪ ಅರಳೆ ವ್ಯಾಪಾರಿ. ತಲೆಯ ಮೇಲೆ ಗಾಂಧಿ ಟೊಪ್ಪಿಗೆ, ಬಾಯಲ್ಲಿ ಎಲೆಯಡಿಕೆ. ತುಟಿ ಪಿಟಕ್ಕೆನ್ನಲಿಲ್ಲ. ಅಂಥ ಟೊಪ್ಪಿಗೆಗೆ ಬೆಂಕಿ ಹಾಕಬೇಕು!

ಲಾಲಬಿ ಗುಂಡುಗಳನ್ನು ರತ್ನವ್ವನ ಉಡಿಗೆ ಹಾಕಿ, ತಂಬಿಗೆ ಎತ್ತಿಕೊಂಡು, ತಿರುಗಿ ನೋಡದೆ ಹೋದಳು.

ವಾರವೊಂದು ಕಳೆದಿರಬೇಕು. ಜಳಕ ಮಾಡುವಾಗ ಈರವ್ವನ ಕೊರಳ ಶಿವದಾರ ಹರಿಯಿತು. ಪುಣ್ಯಕ್ಕೆ ಲಿಂಗ ಅಂಗೈಗೇ ಬಿತ್ತು. ಮತ್ತೆ ಕೊರಳಿಗೆ ಕಟ್ಟುವ ತನಕ ಹನಿ ನೀರೂ ಗಂಟಲಿಗೆ ಇಳಿಯಬಾರದು, ಅದು ಅವಳ ನೇಮ. ಮನೆಯ ನೂಲು ಕಟ್ಟಿಕೊಂಡು, ಅದೂ ಹರಿದು ಲಿಂಗ ನೆಲಕ್ಕೆ ಬಿದ್ದರೆ? ಬದುಕಿ ಫಲವೇನು? ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ವಿಭೂತಿ ಅಂಗಡಿಯ ಶಾಂತಯ್ಯನವರಲ್ಲಿಗೆ ಓಡಿದಳು.

“ಶಿವದಾರ ಇಲ್ರೀ ಈರವ್ವಾರ. ಹೊಸಿಯಾಕಿ ಲಾಲಬಿ ಮುನಿಸಿಕೊಂಡಾಳ.”

“ಲಾಲಬಿ? ಸಾಬರ ಲಾಲಬಿ?”

“ಹೂಂರಿ. ಮೊದಲ ಆಕಿ ಅತ್ತಿ ಹೊಸೀತಿದ್ದಳು. ನಿಮ್ಮ ಕೊರಳಾಗ ಇದ್ದದ್ದೂ ಅವರ ಕೈದ.”

“ಇಷ್ಟು ದಿನ ಯಾಕ ಹೇಳಲಿಲ್ಲ?”

“ನೀವು ಕೇಳಲಿಲ್ಲಲ್ರಿ.”

ಈರವ್ವ ಉರಿಯುತ್ತಲೇ ಲಾಲಬಿಯ ಮನೆಗೆ ನಡೆದಳು, ಜಗಳಕ್ಕೆಂದೇ. ಬಾಗಿಲಲ್ಲಿ ಕಾಲುಗಳು ನಿಂತುಬಿಟ್ಟವು. ಒಳಗೆ ಲಾಲಬಿ ಯಾರದೋ ಸರಕ್ಕೆ ದಾರ ಹೊಸೆಯುತ್ತಿದ್ದಳು. ಒಂದು ತುದಿ ಕಾಲಿನ ಹೆಬ್ಬೆರಳಿಗೆ, ಇನ್ನೊಂದು ಹಲ್ಲಿನಲ್ಲಿ. ನಡುನಡುವೆ ಎಂಜಲು ಹಚ್ಚುತ್ತಿದ್ದಳು.

“ಶಿವದಾರಾನೂ ಹಿಂಗ ಹೊಸೀತಿ?”

“ಹಿಂಗ. ಕಾಲಿಗೆ ಕಟ್ಟತೇನಿ, ಎಂಜಲಾ ಹಚ್ಚತೇನಿ. ನಿಮಗ ನಡಿಯೂದಿಲ್ಲ. ಹೋಗ್ರಿ.”

ಮದುವೆಯಾದಾಗಿನಿಂದ ಈ ಎಂಜಲೇ ಎದೆಯ ಮೇಲಿತ್ತು. ಅದನ್ನು ಕಟ್ಟಿಕೊಂಡೇ ಪೂಜೆ ಮಾಡಿದ್ದಳು, ಮಗನನ್ನು ಹೆತ್ತಿದ್ದಳು, ಗಂಡನನ್ನು ಮಣ್ಣು ಮಾಡಿದ್ದಳು. ಶಿವ ಎದ್ದು ಹೋಗಿರಲಿಲ್ಲ. ಎದ್ದು ಎಗರಾಡಿದವಳು ತಾನೊಬ್ಬಳೇ. ಈರವ್ವನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬಂತು. ಹೊಸ್ತಿಲಲ್ಲೇ ಕುಕ್ಕರಿಸಿದಳು.

“ನಡೀತೈತಿ. ಹೊಸಿ.”

“ಅವತ್ತ ಬಾಯಿ ತಪ್ಪಿ ಅಂದೆ ಅಂತ ಹೇಳ್ರಿ, ಹೊಸೀತೇನಿ.”

“ಬಾಯಿ ತಪ್ಪಿ ಅಂದಿಲ್ಲ. ಬೇಕಂತ ಅಂದೆ. ಕೆಟ್ಟ ಹೆಂಗಸು ನಾನು. ಹೊಸಿ!”

ಲಾಲಬಿ ಹೊಸೆಯುತ್ತಿದ್ದ ದಾರವನ್ನು ಹೆಬ್ಬೆರಳಿನಿಂದ ಬಿಚ್ಚಿಟ್ಟಳು. ಆಮೇಲೆ ಬಿಳಿ ರೇಷ್ಮೆ ತೆಗೆದು ಹೆಬ್ಬೆರಳಿಗೆ ಸುತ್ತಿದಳು.

ಹೊಸ ದಾರದಲ್ಲಿ ಲಿಂಗ ಕಟ್ಟಿಕೊಂಡು, ಕಣ್ಣಿಗೊತ್ತಿಕೊಂಡು ಈರವ್ವ ನೀರು ಕೇಳಿದಳು. ಲಾಲಬಿ ಅದೇ ನೆಗ್ಗಿದ ತಂಬಿಗೆ ತಂದಳು. ಬೊಗಸೆಗೆ ಸುರಿಯಲೆಂದು ಮೇಲಕ್ಕೆತ್ತಿದಳು.

“ಎತ್ತಿ ಹೊಯ್ಯಬ್ಯಾಡ! ಕೈಯಾಗ ಕೊಡು!”

ಈರವ್ವ ಕಚ್ಚಿ ಕುಡಿದಳು, ಗಟಗಟ, ಖಾಲಿಯಾಗುವ ತನಕ. ಲಾಲಬಿ ನಗಲಿಲ್ಲ.

“ಕುಡದವರ ತೊಳದು ಬೋರಲ ಹಾಕಿ ಹೋಗ್ರಿ. ನಿಮ್ಮ ಮನೀ ರೀತೀನ ಅದು.”

ಈರವ್ವನ ಮುಖ ಕೆಂಡವಾಯಿತು. ಸೆರಗು ಸಿಕ್ಕಿಸಿ, ಒಲೆಯ ಬೂದಿ ತೆಗೆದುಕೊಂಡು, ನೆಗ್ಗಿದ ಮಗ್ಗುಲನ್ನೂ ಬಿಡದೆ ತಿಕ್ಕಿದಳು. ಓಣಿಯವರು ನಿಂತು ನೋಡಿದರು. ನೋಡಲಿ.

ಮನೆಗೆ ಬಂದವಳೇ ಗೂಡಿನ ತಗಡಿನ ಡಬ್ಬಿಯನ್ನು ಬೀದಿಗೆ ಎಸೆದಳು. ಸದ್ದಿಗೆ ಓಡಿಬಂದ ನೀಲಕಂಠಪ್ಪ, “ಏನವ್ವಾ ಇದು? ಮಂದಿ ಏನಂದಾರು?” ಎಂದ.

“ಮೊದಲ ಆ ಟೊಪ್ಪಿಗಿ ತಗಿ,” ಅಂದಳು ಈರವ್ವ. “ಆಮ್ಯಾಲ ಮಾತಾಡು.”