ಕೈ ನಡುಗದ ದಿನ

ಬೀಗ ರಿಪೇರಿಯವನನ್ನು ಕೋಣೆಯಲ್ಲಿ ಕೂಡಿ ಬೀಗ ಹಾಕುವುದೆಂದರೆ ಮೀನನ್ನು ನೀರಿಗೆ ತಳ್ಳಿ ಶಿಕ್ಷಿಸಿದ ಹಾಗೆ. ದಪ್ಪನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಅವನೂ ಅದೇ ಕಸುಬಿನವನು. ಆದರೆ ಅವನು ಕೂಡಿಹಾಕಿದ್ದು ಕಡ್ಡಿಯನ್ನು, ಮತ್ತು ಕಡ್ಡಿಯ ಕೈ ಆಗ ಕೈಯಾಗಿ ಉಳಿದಿರಲಿಲ್ಲ.

ಇಬ್ಬರೂ ಒಬ್ಬನೇ ಗುರುವಿನ ಬಳಿ ಏಟು ತಿಂದು ಕೆಲಸ ಕಲಿತವರು, ಒಂದೇ ಅಂಗಡಿಯ ಪಾಲುದಾರರು. ಕಡ್ಡಿ ಎಂಬುದು ತಮಾಷೆಗೆ ಇಟ್ಟ ಹೆಸರು. ಹೆರಾಯಿನ್ ಅದನ್ನು ನಿಜ ಮಾಡಿತ್ತು. ಕೆನ್ನೆ ಒಳಕ್ಕೆ ಹೋಗಿತ್ತು, ಹಲ್ಲು ಹುಳುಕಾಗಿತ್ತು, ಕಣ್ಣಪಾಪೆ ಸಾಸಿವೆಗಿಂತ ಸಣ್ಣದಾಗಿತ್ತು. ಸೂಜಿ ಚುಚ್ಚಿ ಚುಚ್ಚಿ ತೋಳಿನ ನರಗಳು ಹುರಿಹಗ್ಗದಂತೆ ಗಟ್ಟಿಯಾಗಿ, ಒಂದು ಕಡೆ ಕೀವು ಕಟ್ಟಿತ್ತು. ಗಿರಾಕಿಯ ಎದುರೇ ನಿಂತಲ್ಲಿ ತೂಕಡಿಸುತ್ತಿದ್ದ. ಗಿರಾಕಿಗಳು ಪಾಪ, ಯೋಚನೆ ಮಾಡ್ತಿದಾನೆ ಅಂದುಕೊಂಡು ಕಾಯುತ್ತಿದ್ದರು.

ಎದುರುಗಡೆಯ ಇಸ್ತ್ರಿ ಅಂಗಡಿ ಕಡ್ಡಿಯ ಅಕ್ಕನದು. ಅವಳು ಮೊದಲೇ ಹೇಳಿದ್ದಳು:

"ಆಸ್ಪತ್ರೆಗೆ ಸೇರಿಸೋಣ ಕಣೋ. ಇದಕ್ಕೇ ಅಂತ ಒಂದು ವಾರ್ಡ್ ಇದೆಯಂತೆ."

"ಆ ವಾರ್ಡಿಗೆ ಬೀಗ ಹಾಕಿದೋನು ನಾನೇ ಅಕ್ಕಾ. ಅಗ್ಗದ್ದೇ ಬೇಕು ಅಂದ್ರು. ಬಾಚಣಿಗೆ ತೋರಿಸಿದ್ರೆ ಸಾಕು, ತೆರ್ಕೊಳ್ಳತ್ತೆ."

"ಬೀಗ ಕಟ್ಕೊಂಡು ಏನ್ಮಾಡ್ತೀಯೋ? ಅವನಿಗೆ ಔಷಧಿ ಬೇಕು."

"ನಾನಿದೀನಲ್ಲ" ಅಂದ ದಪ್ಪ. ಲೋಕದ ಅರ್ಧ ಅನಾಹುತಗಳು ಈ ಮಾತಿನಿಂದಲೇ ಶುರುವಾಗುವುದು.

ಅಂಗಡಿಯ ಹಿಂದಿನ ಕೋಣೆಗೆ, ಎರಡೂ ಕಡೆ ಕೀಲಿ ಹಾಕುವಂಥ, ತನ್ನಲ್ಲಿದ್ದ ಅತ್ಯುತ್ತಮ ಬೀಗವನ್ನೇ ಕೂರಿಸಿದ. ಒಳಗೆ ಹಾಸಿಗೆ, ಬಕೆಟ್ಟು, ಉಪ್ಪು ಸಕ್ಕರೆ ಕದಡಿದ ನೀರು. ಕಡ್ಡಿ ತಾನಾಗಿಯೇ ಒಳಗೆ ಹೋದ. "ನಾನು ಅತ್ತರೂ ತೆಗೀಬೇಡ ಕಣೋ. ಕಾಲಿಗೆ ಬಿದ್ದರೂ ತೆಗೀಬೇಡ."

ಅತ್ತ. ಕಾಲಿಗೂ ಬಿದ್ದ. ಮೊದಲು ಬರೀ ಆಕಳಿಕೆ, ಮೂಗು ಸೋರುವುದು. ಇಷ್ಟೇನಾ ಅಂದುಕೊಂಡ ದಪ್ಪ. ಆಮೇಲೆ ಬೆವರು, ನಡುಕ, ಪುಕ್ಕ ಕಿತ್ತ ಕೋಳಿಯಂಥ ಚರ್ಮ, ವಾಂತಿ, ಭೇದಿ. ಕಾಲುಗಳು ಯಜಮಾನನನ್ನು ಕೇಳದೆ ಗೋಡೆ ಒದೆಯುತ್ತಿದ್ದವು. ಮೂಳೆಯೊಳಗೆ ಯಾರೋ ಅರ ಹಾಕಿ ಉಜ್ಜುತ್ತಿದ್ದಾರೆ ಎಂದು ಕಿರುಚುತ್ತಿದ್ದ. ದಪ್ಪ ಬಕೆಟ್ಟು ಹೊತ್ತ, ಒದೆ ತಿಂದ, ಬಾಗಿಲಾಚೆ ಸ್ಟೂಲಿನ ಮೇಲೆ ಕೂತು ತಾನೂ ಅತ್ತ.

ನಡುನಡುವೆ ಬೀಗದೊಳಗೆ ಗರಗರ ಸದ್ದು. ಕಡ್ಡಿ ಹಾಸಿಗೆಯ ಸ್ಪ್ರಿಂಗಿನ ತಂತಿ ಕಿತ್ತು ಬೀಗ ಕೆದಕುತ್ತಿದ್ದ.

"ಏನೋ ಅದು, ಪಾತ್ರೆ ತಿಕ್ತಿದೀಯಾ?"

"ನಿನ್ನ ತಲೆ ತಿಕ್ತೀನಿ, ಬಾಗಿಲು ತೆಗಿಯೋ!"

ತಂತಿ ಕಿತ್ತುಕೊಳ್ಳುವ ಯೋಚನೆ ದಪ್ಪನಿಗೆ ಬರಲಿಲ್ಲ. ಆ ಸದ್ದೇ ಅವನಿಗೆ ನಾಡಿಯಾಗಿತ್ತು. ಒರಟಾಗಿದ್ದರೆ ಕೈ ನಡುಗುತ್ತಿದೆ ಎಂದರ್ಥ.

ಒಂದು ಬೆಳಿಗ್ಗೆ ಆ ಗರಗರ ಇರಲಿಲ್ಲ. ಬದಲಿಗೆ ಮೆಲ್ಲಗೆ, ಬಿಡಿಬಿಡಿಯಾಗಿ, ಟಿಕ್ ಎಂಬ ಸದ್ದು. ದಪ್ಪ ಬಾಗಿಲಿಗೆ ಕಿವಿಯಿಟ್ಟ. ಇದು ಕಡ್ಡಿಯ ಹಳೆಯ ಕೈ, ಗುರುವೇ ಮೆಚ್ಚಿ ತಲೆದೂಗುತ್ತಿದ್ದ ಕೈ.

"ತಂತಿ ಮೇಲೆ ಭಾರ ಬಿಡಬೇಡ್ವೋ" ಅಂದ.

"ನಂಗೆ ಹೇಳ್ಕೊಡ್ತೀಯಾ?" ಒಳಗಿನಿಂದ ನಗು. ಎಷ್ಟು ಕಾಲವಾಗಿತ್ತು ಆ ನಗು ಕೇಳಿ!

ದಪ್ಪ ಒಂದೇ ಉಸಿರಿಗೆ ರಸ್ತೆ ದಾಟಿದ. "ಅಕ್ಕಾ! ಕೈ ನಡುಕ ನಿಂತಿದೆ! ಬೀಗದಲ್ಲಿ ಕೇಳಿಸ್ತು, ಎಷ್ಟು ಚೆನ್ನಾಗಿ ತಂತಿ ಆಡಿಸ್ತಿದಾನೆ ಗೊತ್ತಾ? ವಾಸಿಯಾದ!"

ಅಕ್ಕ ಇಸ್ತ್ರಿಪೆಟ್ಟಿಗೆ ಎತ್ತಿದವಳು ಹಾಗೇ ನಿಂತಳು. "ಕೈ ನಡುಕ ನಿಂತ್ರೆ ಬೀಗ ತೆಗೀತಾನಲ್ಲೋ, ಮಂಕೇ!"

ಇಬ್ಬರೂ ಓಡಿದರು. ಬಾಗಿಲು ತೆರೆದಿತ್ತು. ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ತಂತಿಯನ್ನು ಸ್ಟೂಲಿನ ಮೇಲೆ ಒಪ್ಪವಾಗಿ ಇಟ್ಟುಹೋಗಿದ್ದ, ಅಂಗಡಿಯ ಶಿಸ್ತು.

ಬಸ್ ನಿಲ್ದಾಣದ ಹಿಂದೆ ಹೆರಾಯಿನ್ ಮಾರುವವರು ನಿಲ್ಲುವ ಜಾಗ, ಪಕ್ಕದಲ್ಲೇ ಶೌಚಾಲಯ. ಹುಡುಕಿಕೊಂಡು ಅಲ್ಲಿಗೆ ಬರುವಷ್ಟರಲ್ಲಿ ಹೊತ್ತಾಗಿತ್ತು. ಒಂದು ಬಾಗಿಲಿಗೆ ಒಳಗಿನಿಂದ ಚಿಲಕ. ಕೂಗಿದರೆ ಯಾರೂ ಓಗೊಡಲಿಲ್ಲ. ಜೀವಮಾನದಲ್ಲಿ ಒಂದು ಬಾಗಿಲನ್ನೂ ನೋಯಿಸದ ದಪ್ಪ, ಹೆಗಲು ಕೊಟ್ಟು ಅದನ್ನು ಮುರಿದ.

ಕಡ್ಡಿಯ ತುಟಿ ನೀಲಿಯಾಗಿತ್ತು. ಉಸಿರು ಗೊರಕೆಯಂತೆ ಒಮ್ಮೆ ಬಂತು, ಮತ್ತೆ ಬರಲಿಲ್ಲ. ಅಕ್ಕ ಆಂಬುಲೆನ್ಸಿಗೆ ಫೋನು ಮಾಡುತ್ತಿರುವಾಗ ದಪ್ಪ ನೆಲದಲ್ಲಿ ಮಂಡಿಯೂರಿ, ಗೆಳೆಯನ ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಊದಿದ. ಊದಿದರೆ ಎದೆ ಏಳುತ್ತಿತ್ತು. ನಿಲ್ಲಿಸಿದರೆ ಅಲ್ಲಿ ಏನೂ ಇರಲಿಲ್ಲ. ಹಾಗಾಗಿ ನಿಲ್ಲಿಸಲಿಲ್ಲ.

ಆಂಬುಲೆನ್ಸಿನಿಂದ ಇಳಿದ ನರ್ಸಮ್ಮ ಕಡ್ಡಿಯ ಮೂಗಿಗೆ ಔಷಧಿ ಸಿಂಪಡಿಸಿ, ಅವನು ತಾನೇ ಉಸಿರೆಳೆದ ಮೇಲೆ ಕೇಳಿದಳು:

"ಎಷ್ಟು ತಗೊಂಡಿದ್ರು?"

"ಮಾಮೂಲಿನಷ್ಟೇ ಇರ್ಬೇಕಮ್ಮಾ. ಇಷ್ಟು ದಿನ ಕೋಣೇಲಿ ಕೂಡಿಹಾಕಿ ಬಿಡಿಸಿತ್ತು" ಅಂದಳು ಅಕ್ಕ.

"ಅದೇ ತಪ್ಪಾಗಿದ್ದು. ಬಿಟ್ಟ ಮೈ ಮಾಮೂಲಿನಷ್ಟನ್ನ ತಡ್ಕೊಳ್ಳಲ್ಲ. ಬಿಡಿಸಿ ಹಾಗೇ ಬಿಟ್ಟುಬಿಟ್ರೆ ಹೀಗೇ ಸಾಯ್ತಾರೆ. ಕೂಡಿಹಾಕಿದ ಪುಣ್ಯಾತ್ಮ ಯಾರು?"

ದಪ್ಪ ತನ್ನ ಕೈ ನೋಡಿಕೊಂಡ. ಅದು ನಡುಗುತ್ತಿತ್ತು.

ವಾರ್ಡಿನಲ್ಲಿ ಕಡ್ಡಿಗೆ ದಿನವೂ ನಾಲಿಗೆ ಕೆಳಗೆ ಇಡುವ ಮಾತ್ರೆ. ತಿಂಗಳುಗಟ್ಟಲೆ ಬೇಕಾಗಬಹುದು, ವರ್ಷಗಟ್ಟಲೆಯೂ ಆಗಬಹುದು ಅಂದರು ಡಾಕ್ಟರು. ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು.

"ಈ ವಾರ್ಡಿನ ಬೀಗ ನೋಡ್ದೆ ಕಣೋ" ಅಂದ ಕಡ್ಡಿ. "ಹಾಕೋಕೆ ನಾಚಿಕೆ ಆಗ್ಲಿಲ್ವಾ?"

"ಮಾತ್ರೆ ಕರಗ್ಲಿ, ಬಾಯ್ಮುಚ್ಚು."

ಕಡ್ಡಿ ಬಾಯಿ ಮುಚ್ಚಿದ. ಕರಗಿದ ಮೇಲೆ ಮೆಲ್ಲಗೆ ಕೇಳಿದ: "ನಾನು ಎದ್ದು ಹೋಗ್ಬಿಟ್ರೆ?"

"ನಂಗೊತ್ತಿಲ್ಲ ಕಣೋ" ಅಂದ ದಪ್ಪ. ಈ ಮಾತನ್ನು ಅವನು ಮೊದಲ ಸಲ ಹೇಳುತ್ತಿದ್ದ.

ಕಡ್ಡಿ ನಿದ್ದೆಹೋದ. ದಪ್ಪ ಪಕ್ಕದ ಬೆಂಚಿನಲ್ಲಿ ಕೂತ. ಬೀಗಕ್ಕೆ ಕಿವಿಗೊಡುವವನಂತೆ ತಲೆ ವಾಲಿಸಿ ಉಸಿರನ್ನು ಕೇಳುತ್ತಿದ್ದ. ಅದು ಸ್ವಲ್ಪ ತೆಳುವಾದಾಗಲೆಲ್ಲ ಎದ್ದು ನಿಲ್ಲುತ್ತಿದ್ದ.