ನಾಲ್ಕನೆಯ ವಾರದ ಪುಟ

ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರೆ. ಮುಂಡರಗಿಯ ದಿಲಶಾದಬಿಯ ಮನೆಯಲ್ಲಿ ಬಾಯಿ ಬಿಟ್ಟರೆ ಬಸಿರೇ ನಿಲ್ಲುವುದಿಲ್ಲ ಎಂಬ ನಂಬಿಕೆ. ಸೊಸೆ ಬಸುರಾದರೆ ಮೂರು ತಿಂಗಳು ತುಂಬುವ ತನಕ ಡಾಕ್ಟರಿಗೂ ಹೇಳುವಂತಿಲ್ಲ, ತವರಿಗೂ ಹೇಳುವಂತಿಲ್ಲ. ದೃಷ್ಟಿ ತಾಕಲು ನಮ್ಮವರು ಪರರು ಅಂತಿದೆಯೇ? ಎರಡು ಸಲ ಬಸಿರು ಇಳಿದುಹೋಗಿದ್ದ ಸೊಸೆ ಅಮೀರಾ ಈ ಸಲ ತುಟಿ ಪಿಟ್ಟೆಂದಿರಲಿಲ್ಲ.

ಅವಳ ತಂಗಿ ಫರ್ಹಾನಾ ಗದಗದಲ್ಲಿ ಡಾಕ್ಟರಿಕೆಯ ಮೊದಲ ವರ್ಷ ಓದುತ್ತಿದ್ದಳು. ಬಸಿರಿನಲ್ಲಿ ಪಿಂಡ ಯಾವ ವಾರ ಎಷ್ಟು ಬೆಳೆಯುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವ ಹುಡುಗಿ. ಸ್ವಂತ ಅಕ್ಕನ ಬಸಿರು ಮಾತ್ರ ಅವಳಿಗೆ ಗೊತ್ತಾದದ್ದು ನಿನ್ನೆ, ಮೂರು ತಿಂಗಳು ತುಂಬಿದ ಮೇಲೆ, ಫೋನಿನಲ್ಲಿ. ಖುಷಿಗೆ ಕುಣಿದಾಡಿದ್ದಳು.

ಇವತ್ತು ಗದಗದಲ್ಲೇ ಸ್ಕ್ಯಾನಿಂಗ್ ಆಯಿತು. ಕೂಸಿನ ತಲೆಬುರುಡೆ ಕೂಡಿಯೇ ಇಲ್ಲ, ಮಿದುಳು ಬೆಳೆದಿಲ್ಲ, ಉಳಿಯುವ ಮಾತೇ ಇಲ್ಲ ಎಂದರು ಡಾಕ್ಟರು. ದಿಲಶಾದಬಿ "ಮಶೀನ್ ಕೆಟ್ಟೈತಿ" ಎಂದು ಹಟ ಹಿಡಿದು ದವಾಖಾನೆಯ ಬೆಂಚಿನಲ್ಲೇ ಕುಳಿತಳು. ಅಮೀರಾ ಮಾತ್ರ ತಂಗಿಯ ಕೈ ಹಿಡಿದೆಳೆದುಕೊಂಡು ಹಾಸ್ಟೆಲ್ ಕೋಣೆಗೆ ಬಂದಳು.

"ನಿನ್ನ ಪುಸ್ತಕ ತಗಿ. ಅಷ್ಟು ದಪ್ಪ ಐತಿ, ಇದಕ್ಕೂ ಏನರ ಬರದಿರತಾರ. ಆಮ್ಯಾಲೆ ಬೆಳೀತೈತಿ ಅಂತ ಬರದಿರತಾರ. ನೋಡ ಜಲ್ದಿ!"

ಫರ್ಹಾನಾಳಿಗೆ ಗೊತ್ತಿತ್ತು, ಬರೆದಿಲ್ಲ. ಆದರೂ ತೆಗೆದಳು. ಹುಚ್ಚಿಯಂತೆ ಪುಟ ತಿರುವಿದಳು, ಒಂದೇ ಒಂದು ಸಾಲು ತಾನು ಓದದೆ ಬಿಟ್ಟದ್ದು ಇರಲಿ ಯಾ ಅಲ್ಲಾ ಎಂದು ಬೇಡಿಕೊಂಡಳು. ಪಿಂಡದ ಬೆನ್ನಿನ ಮೇಲೆ ಒಂದು ಕಾಲುವೆ. ಅದರ ಎರಡು ದಂಡೆ ಕೂಡಿ ಕೊಳವೆಯಾಗುತ್ತದೆ, ಅದೇ ಮುಂದೆ ಮಿದುಳು. ತಲೆಯ ಕಡೆಯ ಬಾಯಿ ಮುಚ್ಚುವುದು ನಾಲ್ಕನೆಯ ವಾರ. ಮುಚ್ಚದಿದ್ದರೆ ಮುಗಿಯಿತು.

ಅಮೀರಾ ಆ ಚಿತ್ರದ ಮೇಲೆ ಬೆರಳಿಟ್ಟಳು.

"ಇದನ್ನ ನಾ ನೋಡೇನಿ."

"ನೀ ಎಲ್ಲಿ ನೋಡಿದಿ ಆಪಾ?"

"ಇಲ್ಲೇ. ಶೇಂಗಾ ಹೋಳಗಿ ತಂದಿದ್ನಲ್ಲಾ, ಅವತ್ತು. ನೀ ಕಣ್ಣ ಮುಚ್ಚಿ ಪಾಠ ಒಪ್ಪಸಾಕತ್ತಿದ್ದಿ, ನಾ ಪುಸ್ತಕ ಹಿಡಕೊಂಡು ಕುಂತಿದ್ನಿ."

ಖರೆ. ಎರಡು ತಿಂಗಳ ಹಿಂದೆ, ಪರೀಕ್ಷೆಯ ಮುಂಚೆ. ಇಂಗ್ಲಿಷ್ ಓದಲು ಬಾರದ ಅಕ್ಕನ ಮಡಿಲಲ್ಲಿ ಪುಸ್ತಕ ಇಟ್ಟು, ತಪ್ಪಿದರೆ ಹೇಳು ಎಂದು ತಮಾಷೆ ಮಾಡಿದ್ದಳು. ಆ ಬಾಯಿ ಮುಚ್ಚಲು ನೆರವಾಗುವ ಫೋಲಿಕ್ ಆಸಿಡ್ ಮಾತ್ರೆಯ ಸಾಲನ್ನೂ ಗಟ್ಟಿಯಾಗಿ ಹೇಳಿದ್ದಳು. ಫರ್ಹಾನಾ ವಾರಗಳನ್ನು ಹಿಂದಕ್ಕೆ ಎಣಿಸಿದಳು, ಎಣಿಸಬಾರದಿತ್ತು. ಅವತ್ತು ನಡೆಯುತ್ತಿದ್ದದ್ದು ಅದೇ ನಾಲ್ಕನೆಯ ವಾರ.

ಅಮೀರಾ ತಂಗಿಯ ಮುಖವನ್ನೇ ನೋಡುತ್ತಿದ್ದಳು. "ಅವತ್ತು ಬಾಯಿಮಟ ಬಂದಿತ್ತು, ಹೇಳೇಬಿಡೂಣು ಅಂತ. ನುಂಗಿಕೊಂಡ್ನಿ. ಹೇಳಿದ್ರ ಉಳೀತಿತ್ತೇನ ಫರ್ಹಾನಾ?"

ಆ ಮಾತ್ರೆ ಬಸಿರು ನಿಲ್ಲುವ ಮೊದಲಿನಿಂದಲೇ ಬೇಕು. ಅವತ್ತು ಕೊಟ್ಟಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಬಹುಶಃ. ಆ ಬಹುಶಃ ಎಂಬ ಮಾತನ್ನು ಅಕ್ಕನ ಕೈಗೆ ಕೊಟ್ಟರೆ ಅವಳು ಸಾಯುವ ತನಕ ಅದನ್ನೇ ಹೊರುತ್ತಾಳೆ.

"ಇಲ್ಲ ಆಪಾ. ಉಳೀತಿರಲಿಲ್ಲ."

"ಪುಸ್ತಕದಾಗ ಹಂಗ ಐತೇನು?"

"ಹೂಂ, ಹಂಗಽ ಐತಿ."

ಓದಲು ಬಾರದ ಅಮೀರಾ ಆ ಪುಟವನ್ನು ಮೇಲಿಂದ ಕೆಳಗಿನವರೆಗೆ, ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುತ್ತ, ಬಹಳ ಹೊತ್ತು ನೋಡಿದಳು. ಆಮೇಲೆ ಪುಸ್ತಕ ಮುಚ್ಚಿ ತಂಗಿಯ ಮಡಿಲಲ್ಲಿ ಇಟ್ಟಳು.

"ಆತು. ಇನ್ನ ಮ್ಯಾಲೆ ಬ್ಯಾರೆ ಯಾರರ ಓದಾಕ ಬರೋರ ಕೈಯಾಗ ಕೊಟ್ಟು ಪಾಠ ಒಪ್ಪಸು."